ಆರು ದಾಟಿ ಆರು ನಿಮಿಷ

ಫ್ರೀಸ್‌ಲ್ಯಾಂಡಿನ ಆ ಸೇತುವೆ ಬಲು ಗಿಡ್ಡ.
ದೋಣಿ ಬಂದರೆ ಎದ್ದು ನಿಂತು ದಾರಿ ಬಿಡಬೇಕು.
ಏಳಿಸುವ ಪ್ರೋಗ್ರಾಮಿಗೆ ಮೂವತ್ತೇಳು ವರ್ಷ,
ಕಾಯುವ ವೀಬೆಗೆ ಅರವತ್ತೊಂದು.
ಗಾಳದ ಕೋಲಿನ ತುದಿಗೆ ಮರದ ಮೆಟ್ಟು ಕಟ್ಟಿ
ದೋಣಿಯವರ ಮೂಗಿನ ಮುಂದೆ ಇಳಿಬಿಡುತ್ತಾನೆ, ಸುಂಕ.
ಒಮ್ಮೊಮ್ಮೆ ನಾಣ್ಯ, ಒಮ್ಮೊಮ್ಮೆ ಬರೀ ಪೆಪ್ಪರಮೆಂಟು.

ಐದು ವರ್ಷದಲ್ಲಿ ಮೂರೇ ಮೂರು ಸಲ
ಸೇತುವೆ ಅರ್ಧ ಎದ್ದು ನಿಂತುಬಿಟ್ಟಿತು
ಹೇಳಲು ಎದ್ದ ಮಾತು ಮರೆತವರ ಹಾಗೆ.
ಗಂಟೆ ಬಡಿಯುತ್ತಲೇ ಇತ್ತು. ರಸ್ತೆಯುದ್ದ
ಹಾಲಿನ ಟ್ಯಾಂಕರು, ಸೈಕಲ್ಲು, ಬೈಗುಳ.
ವೀಬೆ ಸ್ವಿಚ್ಚು ಆರಿಸಿ ಮತ್ತೆ ಹಾಕಿದ. ಸರಿಹೋಯಿತು.
ಸರಿಹೋದದ್ದೇ ತೊಂದರೆ.

ಲೇವಾರ್ಡೆನ್ ಕಚೇರಿಯಿಂದ ಇಡ್ಸ್ಕೆ ಬಂದಳು.
ಹುಳುಕಿಗೂ ಹುಡುಕಿಗೂ ನಡುವೆ ಒಂದೇ ಅಕ್ಷರ;
ಆ ಅಕ್ಷರದೊಳಗೆ ಏಳು ವಾರ ಕಳೆದಳು.

"ಮಂಜು" ಎಂದ ವೀಬೆ. "ಮಂಜಿನ ದಿನವೇ ಕೆಡುವುದು."
ಸೆನ್ಸರು ಬದಲಿಸಿದರು, ಕೇಬಲ್ಲು ಬದಲಿಸಿದರು,
ತೇವ ಹಿಡಿದಿದ್ದೀತೆಂದು ಪೆಟ್ಟಿಗೆಗೊಂದು ಹೀಟರು,
ಅದರ ಬಿಸಿಗೆ ಬಂದು ಮಲಗಿತು ಯಾರದೋ ಬೆಕ್ಕು.
ಪರದೆಯ ಮೇಲೆ ಇಡ್ಸ್ಕೆ ಸಾವಿರ ದೋಣಿ ಹಾಯಿಸಿದಳು,
ಹಿಂದೆ ಹಿಂದೆ, ಎದುರುಬದುರು, ಮೂಗಿಗೆ ಮೂಗು ತಾಗಿಸಿ.
ಹತ್ತು ಸಾವಿರ ಹಾಯಿಸಿದಳು.
ಸೇತುವೆ ಏಳುತ್ತಿತ್ತು, ಇಳಿಯುತ್ತಿತ್ತು,
ಏನೂ ಅರಿಯದ ಕಳ್ಳನ ಮುಖ.

ಹಳೆಯ ಕೋಡಿನೊಳಗೆ ನಡೆಯುವುದೆಂದರೆ
ಸತ್ತವರ ಅಡುಗೆಮನೆಯಲ್ಲಿ ಉಪ್ಪು ಹುಡುಕಿದಂತೆ.
ಎಲ್ಲವೂ ಎಲ್ಲೋ ಇದೆ, ಅವರಿಗೆ ಗೊತ್ತಿದ್ದ ಕಡೆ.

ಕೊನೆಗೆ ಕೈಗೆ ಬಂದದ್ದು ಕೋಡಲ್ಲ, ವೀಬೆಯ ನೋಟ್‌ಬುಕ್ಕು.
ದಿನಕ್ಕೊಂದು ಪುಟ, ದೋಣಿಗೊಂದು ಸಾಲು,
ಪೆನ್ಸಿಲಿನಲ್ಲಿ. ಕೆಟ್ಟ ಮೂರು ದಿನದ ಮೂರು ಪುಟ ತೆರೆದಳು.
ಎರಡರಲ್ಲಿ: ಮಂಜು.
ಮೂರನೆಯದರಲ್ಲಿ: ಒಳ್ಳೆ ಬಿಸಿಲು. ಮೇಲಿನ ತೂಬು ಕೆಟ್ಟಿದೆ.
ಮೂರರಲ್ಲೂ ಅದರ ಕೆಳಗೆ ಬಿಳೀ ಖಾಲಿ,
ಪುಟದ ಬುಡದಲ್ಲಿ, ಸಂಜೆ ಆರೂವರೆಯ ಹೊತ್ತಿಗೆ, ಒಂದೇ ಒಂದು ದೋಣಿ.

ಇಡ್ಸ್ಕೆ ಆ ಖಾಲಿಯನ್ನು ಬಹಳ ಹೊತ್ತು ಓದಿದಳು.

ಕಾಲುವೆ ಮುಚ್ಚಿದ ಅಕ್ಟೋಬರಿನ ಒಂದು ಭಾನುವಾರ
ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಸ್ವಿಚ್ಚು ಹಾಕಿದಳು.
ಮತ್ತೆ ಏನನ್ನೂ ಮುಟ್ಟಲಿಲ್ಲ.
ಇದುವರೆಗೆ ಮಾಡದ ಪರೀಕ್ಷೆ ಅದೊಂದೇ.
ರೈ ಬ್ರೆಡ್ಡು ತಿಂದರು. ಇಸ್ಪೀಟಿನಲ್ಲಿ ವೀಬೆ ಹನ್ನೊಂದು ಆಟ ಗೆದ್ದ.
ಕೈ ತುರಿಸುತ್ತಿತ್ತು ಅವಳಿಗೆ, ಕೀಲಿ ಒತ್ತಲು.
ಒತ್ತಲಿಲ್ಲ.
ಆರು ದಾಟಿ ಆರು ನಿಮಿಷ, ಎಂಟು ಸೆಕೆಂಡು.
ಎಣಿಕೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳರ ತನಕ
ಹತ್ತಿ, ಮುಂದೆ ಮೆಟ್ಟಿಲಿಲ್ಲದೆ
ಸೊನ್ನೆಯ ಆಚೆಗೆ, ಋಣದ ತಳಕ್ಕೆ ಬಿತ್ತು.
ಆಗ ಒಂದು ದೋಣಿ ಕಳಿಸಿದಳು.
ಇನ್ನೂ ಬಾರದ ದೋಣಿ ಆಗಲೇ ಹೋಯಿತೆಂದು ತಿಳಿದ ಸೇತುವೆ
ಅರ್ಧಕ್ಕೆ ನಿಂತಿತು.
ಗಂಟೆಯ ಸದ್ದಿಗೆ ಬೆಕ್ಕು ಓಡಿತು.
ಇಡ್ಸ್ಕೆ ಕುರ್ಚಿಯಿಂದೆದ್ದು ಕುಣಿದೇಬಿಟ್ಟಳು.

ಎಣಿಕೆಯ ಆ ಸಾಲಿನ ಪಕ್ಕ, ಎಂಬತ್ತೇಳರ ಡಚ್ಚಿನಲ್ಲಿ,
ಎ.ಬಿ. ಎಂಬ ಸಹಿಯೊಂದಿಗೆ:
"ಇಷ್ಟು ಹೊತ್ತು ಯಾರೂ ಬಾರದೆ ಇರುವುದಿಲ್ಲ."

"ಆಲ್ಬರ್ತುಸ್" ಎಂದ ವೀಬೆ. "ಇದೇ ಸ್ಟೂಲಿನ ಮೇಲೆ
ಕೈಯಲ್ಲಿ ಸ್ಟಾಪ್‌ವಾಚು ಹಿಡಿದು ಒಂದು ಬೇಸಿಗೆ ಕೂತಿದ್ದ.
ಆ ವರ್ಷ ನಾಲ್ಕು ನಿಮಿಷಕ್ಕೊಂದು ದೋಣಿ.
ನನ್ನ ಮೆಟ್ಟೇ ಸವೆದುಹೋಗಿತ್ತು."

ಒಂದು ಪದ ತಿದ್ದಿದಳು, ಅಷ್ಟೇ. ಸಂಖ್ಯೆಯ ಗೂಡು ಅಗಲವಾಯಿತು.
ಟಿಪ್ಪಣಿ ಅಳಿಸಲು ಹೋದ ಬೆರಳು ಹಿಂದೆ ಬಂತು.

"ಈಗ ಎಷ್ಟು ಹೊತ್ತು ಕಾಯುತ್ತದೆ?" ಕೇಳಿದ ವೀಬೆ,
ಇಸ್ಪೀಟು ಜೋಡಿಸುತ್ತ.
"ಅರವತ್ತೆಂಟು ವರ್ಷ."
ಅವನು ಕಿಟಕಿಯಾಚೆ ನೀರು ನೋಡಿದ, ಎರಡೂ ಕಡೆ.
"ಅಷ್ಟರಲ್ಲಿ ಯಾರಾದರೂ ಬಂದೇ ಬರ್ತಾರೆ ಬಿಡು."