ರಸಮಟ್ಟ

ಹಾಳಿ ಕನ್ನಡದಾಗೇ ಅದ. ಎಲ್ಲೋ ಕುಂತು ಯಾರೋ
ನಮ್ಮಂಥೋರಿಗಂತ ತರ್ಜುಮೆ ಮಾಡ್ಯಾರ.
ಸಾನಿಕಾಗ ಓದಾಕ ಬರಂಗಿಲ್ಲ,
ಗೆರಿ ಮ್ಯಾಲ ಬೆರಳಿಟ್ಟು ನನ್ನ ಬಾಯಿ ನೋಡ್ತಾಳ.
"ವಯಸ್ಕರ ಜೀವನದ ಗುಣಮಟ್ಟ: ಪ್ರಶ್ನಾವಳಿ."

ಗುಣ ಅಂದ್ರ ನಮ್ಮ ಕಡೆ ಆರಾಮಾಗೂದು.
ಈ ಬ್ಯಾನಿಗಿ ಗುಣ ಇಲ್ಲ,
ಹೆಸರು ಸಿಕ್ಕ ದಿನಾನೇ ಹೇಳಿಬಿಟ್ಟಾರ.
ಏಳು ವರ್ಷ ಹೆಸರೂ ಇದ್ದಿಲ್ಲ.
ಚಪ್ಪಲಿ ಬದಲಿಸು ಅಂದ್ರು, ಹರಕಿ ಹೊರು ಅಂದ್ರು,
ಪಾದ ಮಾತ್ರ ನೆಲ ಬಿಟ್ಟು ಏಳಲಿಲ್ಲ.
ಕಡಿಗಿ ರಕ್ತ ಹೈದರಾಬಾದಿಗೆ ಹೋಗಿ ಬಂತು.
ಅವ್ವಂದೊಂದು ಅಕ್ಷರ, ಅಪ್ಪಂದೊಂದು ಅಕ್ಷರ
ತಪ್ಪಾಗಿದ್ದು ನನ್ನೊಳಗ ಜೋಡಾಗ್ಯಾವಂತ.
ಒಂದೇ ಇದ್ದಿದ್ರ ಏನೂ ಆಗ್ತಿರಲಿಲ್ಲಂತ.

ಗುಣ ಹೋತು, ಮಟ್ಟ ಉಳೀತು.
ಮಟ್ಟ ಅಂದ್ರ ನನಗ ಅಪ್ಪನ ಚೀಲದಾಗಿಂದು:
ಮೊಳದುದ್ದ ಹಳದಿ ಪಟ್ಟಿ, ನಡುವ ಗಾಜು,
ಗಾಜಿನಾಗ ಹಸರು ರಸ, ರಸದಾಗ ಒಂದು ಗುಳ್ಳಿ.
ಅಫಜಲಪುರದ ಶಿವಶರಣಪ್ಪ ಗೌಂಡಿ
ಹಡಪಸರ, ಖರಾಡಿ, ವಾಘೋಲಿ ತಿರುಗಿ ಮೂವತ್ತು ವರ್ಷ
ಮಂದಿ ಗ್ವಾಡಿ ಮ್ಯಾಲ ಆ ಗುಳ್ಳಿ ನಡುವಿಗಿ ತಂದು ನಿಲ್ಲಿಸ್ಯಾನ.

"ಒಂದು ಕಿಲೋಮೀಟರ್ ನಡೆಯಲು ಎಷ್ಟು ಕಷ್ಟವಾಗುತ್ತದೆ?"
ಯಾವ ಕಿಲೋಮೀಟರ್?
ಸ್ವಾರಗೇಟಿನ ಸಂಜಿದೋ, ಕಾತ್ರಜ ಘಾಟಿನ ಏರಿಂದೋ?
"ತೋಟದ ಕೆಲಸ ಮಾಡಬಲ್ಲಿರಾ?"
ಬಣ್ಣದ ಡಬ್ಬಿಯಾಗ ಪುದೀನ ಅದ,
ಚಹಾ ಬಸಿದ ಚರಟ ಹಾಕ್ತೀನಿ. ಮಾಡಬಲ್ಲೆ.
ಕೈ ಇನ್ನೂ ಸೂಜಿ ಹಿಡೀತಾವ, ದಿನಕ್ಕ ಆರು ಸೀರಿಗಿ ಫಾಲ್ ಹಚ್ಚತೀನಿ,
ಅದನ್ನ ಕೇಳಿಲ್ಲ ಇವರು.

"ಇತರರಿಗೆ ನೀವು ಹೊರೆ ಎಂದು
ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಬಾರಿ ಅನಿಸಿತು?"
ಹೊರಿ ನಾನು ನೋಡೀನಿ.
ಆರನೇ ಮಾಳಿಗಿಗಿ ಅವ್ವ ತಲಿ ಮ್ಯಾಲ ಒಯ್ದ ಇಟ್ಟಂಗಿ,
ಒಂದು ಸಲಕ್ಕ ಹನ್ನೆರಡು.
ಈಗ ಆಕಿ ನನ್ನ ಬಚ್ಚಲಕ್ಕ ಒಯ್ಯೂವಾಗ
ಕಿವಿಗಿ ತಾಗೂ ಉಸಿರು ಎಣಸ್ತೀನಿ.
"ಕೆಲವೊಮ್ಮೆ" ಅನ್ನೂದಕ್ಕ ಗುಂಡ ಹಾಕಿದೆ.
ಸುಳ್ಳು.

ಕಡೀ ಹಾಳಿಯಾಗ ಒಂದು ನಿಚ್ಚಣಿಕಿ ಬರದಾರ,
ಸೊನ್ನಿಯಿಂದ ನೂರರ ತನಕ.
ನನಗ ನಿಚ್ಚಣಿಕಿ! ನಗು ಬಂತು.
ಅರವತ್ತರ ಮ್ಯಾಲ ಗೀಟು ಎಳದೆ.

ಸಾನಿಕಾ ಹೋದ ವರ್ಷದ ಹಾಳಿ ತಗದಳು, ಮೂವತ್ತೈದು.
ಆಗ ಗ್ವಾಡಿ ಹಿಡದು ನಡೀತಿದ್ದೆ, ಈಗ ಗಾಲಿಕುರ್ಚಿ.
"ಚುಕ್ಲಂ ಕಾ, ತಾಯಿ?"
(ಆಕಿ ಮಾತಿನಾಗ ತಾಯಿ ಅಂದ್ರ ಅಕ್ಕ.)
ಕಾಲು ಇಳದು ಅಂಕಿ ಏರೂದು ಹ್ಯಾಂಗ?

ಹ್ಯಾಂಗಂದ್ರ, ಹೋದ ಚಳಿಗಾಲದಾಗ
ಅಪ್ಪ ಅರ್ಧ ಚೀಲ ಸಿಮೆಂಟ್ ತಂದ,
ನಮ್ಮ ಹೊಸ್ತಿಲಕ್ಕ ಇಳಿಜಾರು ಕಟ್ಟಾಕ.
ಒಂದಡಿ ಏರಿಗಿ ಹನ್ನೆರಡಡಿ ಉದ್ದ ಬೇಕು,
ನಮ್ಮ ಓಣಿ ಏಳಕ್ಕೇ ಮುಗೀತದ.
ಶೇಲಾರ ಮಾವಶಿ ತುಳಸಿ ಡಬ್ಬಿ ಸರಸಿ
ತನ್ನ ಕಟ್ಟಿ ಒಡೀಲಾಕ ಕೊಟ್ಟಳು, ತಿರುವು ಸಿಕ್ತು.
ಮಟ್ಟ ಇಟ್ಟು ಅಪ್ಪ ಮೊಣಕಾಲೂರಿ ಕುಂತ,
ಗುಳ್ಳಿ ನಡುವಿಗಿ ಬಂದ್ರ "ಥೂ" ಅಂತ ಕಿತ್ತಿದ,
ಮತ್ತ ಬಳದ, ಮತ್ತ ಇಟ್ಟ.
ಹುಟ್ಟಿದಾಗಿಂದ ಸಪಾಟ ಮಾಡಿದ ಕೈ
ಓರೆ ಮಾಡೂದು ಕಲೀಲಾಕ ಮೂರು ದಿನ ಹಿಡೀತು.
ಆ ರಾತ್ರಿ ಹಸಿ ಸಿಮೆಂಟಿನ ಮ್ಯಾಲ ನಾಯಿ ನಡೀತು.
ಅಪ್ಪ ಬೈದ. ಅಳಸಲಿಲ್ಲ.
ಈಗ ಬಾಗಿಲ ದಾಟೂದಕ್ಕ ಯಾರನ್ನೂ ಕರಿಯಂಗಿಲ್ಲ.

"ಇದನ್ನ ಎಲ್ಲಿ ಬರೀಲಿ?"
ಸಾನಿಕಾ ಪೆನ್ಸಿಲ್ ತಗೊಂಡು ಅಂಚಿನಾಗ ಮರಾಠಿಯೊಳಗ
ಎರಡು ಸಾಲು ಬರದಳು,
ಅಂಚು ಕಂಪ್ಯೂಟರ್ ಓದಂಗಿಲ್ಲ ಅಂದಳು.
ಬರೀಲಿಕ್ಕಂತೂ ಬರದಳು.

ಮನಿ ಮುಟ್ಟೂದರಾಗ ದೀಪ ಹತ್ತಿದ್ವು.
ತಿರುವಿನಾಗ, ನಾಯಿ ಹೆಜ್ಜಿ ಇರೂ ಕಡೆ,
ಮುಂದಿನ ಸಣ್ಣ ಗಾಲಿ
ದಿನಾ ಒಂದಿಷ್ಟು ತಡೀತದ.
ಇವತ್ತೂ ತಡೀತು.