ಪೊಟ್ಟಣ

ಅರಸೀಕೆರೆ ತಾಲ್ಲೂಕು ಕಚೇರಿ ಎದುರು, ಇಲಿಯಾಸ್ ಸಾಬರ ಜೆರಾಕ್ಸ್ ಅಂಗಡಿ.
ನಾಮಪತ್ರದ ವಾರ ನನಗೆ ಊಟಕ್ಕೂ ಬಿಡುವಿಲ್ಲ.
ಅಫಿಡವಿಟ್ಟು, ಮೂರು ಪ್ರತಿ, ಹುಷಾರು ಎನ್ನುತ್ತಾರೆ
ಬಿಳಿ ಅಂಗಿಯವರು. ಮಸಿ ಸರಿಯಾಗಿ ಬೀಳದ್ದು, ಓರೆಯಾದದ್ದು,
ಅರ್ಧಕ್ಕೆ ಸಿಕ್ಕಿಕೊಂಡದ್ದು ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ.

ಡಬ್ಬ ತುಂಬಿದರೆ ಮರುಳಯ್ಯ ಬರುತ್ತಾನೆ,
ಸ್ಟೇಷನ್ ರಸ್ತೆಯ ಕಡ್ಲೆಕಾಯಿ ಗಾಡಿಯವನು.
ಕೆಜಿಗೆ ಹನ್ನೆರಡು ರೂಪಾಯಿ. ಓದು ಬಾರದು.
"ಒಂದ್ ಕಡೆ ಬೆಳ್ಗಿದ್ರೆ ಸಾಕು ಕಣವ್ವ."

ಹಾಗೆ ಊರಿಗೆ ಹಂಚಿತು:
ಡೈರಿ ಸೆಕ್ರೆಟರಿಗೆ ಒಬ್ಬರ ಹೆಂಡತಿಯ ಬಂಗಾರ,
ಒಂದು ಕೆಜಿ ನೂರಾ ಅರವತ್ತು ಗ್ರಾಂ;
ಬೀರೂರಿನ ರೈಲಿಗೆ ಕಾದ ಇಬ್ಬರು ನರ್ಸಮ್ಮಂದಿರಿಗೆ
ಇನ್ನೊಬ್ಬರ ಮೇಲಿನ ಎರಡು ಕೇಸು, ಕಲಂ ಸಮೇತ;
ಐಟಿಐ ಹುಡುಗನಿಗೆ "ಸ್ವಂತ ವಾಹನ: ಇಲ್ಲ".
ಅವನು ಅಗಿಯುವುದು ಬಿಟ್ಟು ನಕ್ಕ.
ಬೆಳಿಗ್ಗೆ ತಾನೇ ತೊಳೆದಿದ್ದನಂತೆ ಆ ಇಲ್ಲದ ವಾಹನವನ್ನು
ಸರ್ವಿಸ್ ಸ್ಟೇಷನ್ನಿನಲ್ಲಿ, ಒಳಗೂ ಹೊರಗೂ.

ಸಂಜೆ ಗಾಡಿಯ ಸುತ್ತ ಒಂದು ಬಗೆಯ ಇಸ್ಪೀಟು.
"ನಂದ್ರಲ್ಲಿ ಸಾಲ. ನಿಂದ್ರಲ್ಲಿ?"
"ಸೈಟು. ಹಾಸನದಲ್ಲಿ ನಾಕು."
"ತತ್ತಾ ಇಲ್ಲಿ, ಬದ್ಲಾಯ್ಸಾನ."
ಪಕ್ಕದಲ್ಲೇ ಆಟೋದ ಮೈಕು ಹಾದುಹೋಗುತ್ತದೆ,
ನಿಮ್ಮ ಮನೆಮಗ, ನಿಮ್ಮ ಮನೆಮಗ.
ಯಾರೂ ಕತ್ತೆತ್ತುವುದಿಲ್ಲ. ಉಪ್ಪಿನ ಕಲೆಯಡಿ
ಸರ್ವೆ ನಂಬರು ಹುಡುಕುತ್ತಿದ್ದಾರೆ.

ಎಲ್ಲರೂ ಎಂದರೆ ಸುಳ್ಳು. ಬಹಳ ಜನ ಬೀಜ ತಿಂದು
ಕಾಗದ ಚರಂಡಿಗೆ ಎಸೆದರು. ನಾನೂ ಅಷ್ಟೆ,
ಸಾವಿರ ಹಾಳೆ ದಾಟಿಸಿದವಳು, ಒಂದನ್ನೂ ಓದಿರಲಿಲ್ಲ.
ನೇರ ಬಿದ್ದಿದೆಯೇ, ಕಪ್ಪಗಿದೆಯೇ, ನೋಡಿದ್ದು ಅಷ್ಟೇ.

ಮೈಕು ನಿಂತ ಸಂಜೆ ಮರುಳಯ್ಯ ಬಂದ.
"ಮಿಕ್ಕಿದ್ ಹಾಳೆ ಎಲ್ಲಿ ಅಂತ ಬೈತಾರವ್ವ ಜನ.
ಕತೆ ಅರ್ಧಕ್ಕೇ ನಿಲ್ತದಂತೆ."
ಡಬ್ಬದ ತಳದಲ್ಲಿ ಇದ್ದದ್ದು ಒಂದೇ, ಯಾರದೋ ಕೊನೆಯ ಪುಟ.
ಹೆಸರಿನ ಜಾಗದಲ್ಲಿ ಮಸಿ ಹಿಡಿದಿರಲಿಲ್ಲ.
ಓದಿ ಹೇಳು ಎಂದ. ಹೇಳಿದೆ:
ಮೇಲಿನದೆಲ್ಲ ನಿಜ, ಏನನ್ನೂ ಮುಚ್ಚಿಟ್ಟಿಲ್ಲ.

"ಹಂಗಾ," ಎಂದವನು ಅದನ್ನು ಸುರುಳಿ ಸುತ್ತಿ,
ತಳ ಸೋರದಂತೆ ಎರಡು ಸಲ ಮಡಚಿ,
ಹೆಬ್ಬೆಟ್ಟು ಒತ್ತಿದ.