ಬೀಜಸಂಖ್ಯೆ

ಗಯಾತಿ ರಸ್ತೆಯ ಮರಳು ಬಳಿಯುವುದು ನನ್ನ ಕೆಲಸ.
ಹಗಲು ಬಳಿದದ್ದನ್ನು ರಾತ್ರಿ ಗಾಳಿ
ತಿರುಗಿ ತಂದು ಸುರಿಯುತ್ತದೆ. ಆದರೆ
ನಿನ್ನೆಯ ದಿಬ್ಬವಲ್ಲ ಅದು; ಬೆನ್ನು ಬೇರೆ, ಬಾಲ ಬೇರೆ.
ಹನ್ನೊಂದು ವರ್ಷದಲ್ಲಿ ಒಂದೇ ದಿಬ್ಬವನ್ನು
ಎರಡು ಸಲ ಕಂಡಿಲ್ಲ ನನ್ನ ಲೋಡರು.

ರುವೈಸಿನ ಕ್ಯಾಂಪಿನಲ್ಲಿ ನನ್ನ ಮೇಲಿನ ಮಂಚ
ಶಿರ್ವದ ಹುಡುಗ ಸಿಪ್ರಿಯನ್ನನದು.
ಎಸಿಯ ನೀರು ತೊಟ್ಟಿಕ್ಕುವ ಡಬ್ಬದ ಪಕ್ಕ
ಲ್ಯಾಪ್‌ಟಾಪ್ ಇಟ್ಟು ಲೋಕ ತೆರೆಯುತ್ತಾನೆ.
ಯಾರು ಬಿಡಿಸಿದ್ದು ಈ ಬೆಟ್ಟ, ಅಂದರೆ
"ಯಾರೂ ಅಲ್ಲ ಮಾರಾಯ್ರೆ.
ಬೆಟ್ಟ ಬೆಳೆಯುವ ಲೆಕ್ಕ ಬರೆದಿದ್ದಾರೆ, ಅಷ್ಟೆ.
ಒಂದು ಸಂಖ್ಯೆ ಬಿತ್ತಿದರೆ ಅದೇ ಚಿಗುರುತ್ತದೆ.
ಬರೆದವನೂ ಇದನ್ನು ನೋಡಿಲ್ಲ. ನಾವೇ ಮೊದಲು."

ಮೊದಲು!
ಅನ್ನಕ್ಕೆ, ಬಸ್ಸಿಗೆ, ಬಚ್ಚಲಿಗೆ
ಎಲ್ಲದಕ್ಕೂ ನಲವತ್ತನೆಯವನಾಗಿ ನಿಲ್ಲುವ ನಾನು.

ಕೊಡು ನೋಡುವ, ಎಂದು ನನ್ನದನ್ನೇ ಬಿತ್ತಿದೆ:
ಎದೆಯ ಮೇಲೆ ನೇತಾಡುವ ಗುರುತುಚೀಟಿಯ ಸಂಖ್ಯೆ,
ನನ್ನ ಹೆಸರು ನಾಲಗೆಗೆ ಹೊರಳದವರೂ
ತಪ್ಪಿಲ್ಲದೆ ಓದುವಂಥದ್ದು.
ತುಸು ಹೊತ್ತು ಕತ್ತಲೆ. ಆಮೇಲೆ
ಮೊಣಕಾಲುದ್ದ ನೇರಳೆ ಹುಲ್ಲು,
ನೀರಿಗೆ ಬಾಗಿದ ಕಲ್ಲಿನ ಕಮಾನು,
ಅದರಡಿ ಆರು ಕಾಲಿನ ಒಂದು ಪ್ರಾಣಿ
ಗಡಿಬಿಡಿಯಿಲ್ಲದೆ ಮೇಯುತ್ತ.
ಇಷ್ಟೆಲ್ಲ ಇತ್ತೇ ಇದರೊಳಗೆ?
ಗೇಟಿನವ ದಿನಾ ಬರೆದುಕೊಳ್ಳುತ್ತಾನೆ,
ಒಂದು ಹುಲ್ಲೂ ಅವನ ಪುಸ್ತಕಕ್ಕೆ ಅಂಟಿಲ್ಲ.

ಮಾರನೆಯ ರಾತ್ರಿ ಅದೇ ಸಂಖ್ಯೆ, ಅದೇ ಕಮಾನು,
ಎಡಗಡೆ ಅದೇ ಬಿರುಕು.
ಗಾಳಿಗೆ ಬಾರದ ವಿದ್ಯೆ ಇದು, ಎಂದೆ.
ಸಿಪ್ರಿಯನ್ ನಕ್ಕ:
"ಗಾಳಿಗೂ ಒಂದು ಸಂಖ್ಯೆ ಇದ್ದೀತು, ನಮಗೆ ಸಿಕ್ಕಿಲ್ಲ."

ಈದ್ ಕಳೆದ ವಾರ ಆಟಕ್ಕೆ ಅಪ್‌ಡೇಟ್ ಬಂತು.
ಸಂಖ್ಯೆ ಹಾಕಿದರೆ ಬರೀ ನೀರು.
ಕಮಾನಿಲ್ಲ, ದಡವಿಲ್ಲ.
ಅಂಕಿ ಅಂಕಿ ಎಣಿಸಿ ಮತ್ತೆ ಹಾಕಿದೆ. ನೀರು.
"ಸಂಖ್ಯೆ ಸರಿ ಉಂಟು," ಅಂದ, "ಲೆಕ್ಕ ಬದಲಾಯಿಸಿದ್ದಾರೆ."
ಆ ಪ್ರಾಣಿ ಎಲ್ಲಿ ಹೋಯಿತೆಂದು
ಕೇಳುವುದಕ್ಕೆ ನಾಚಿಕೆಯಾಯಿತು.

ಬೆಳಗಿನ ನಾಲ್ಕಕ್ಕೆ ಲೋಡರು ಹತ್ತಿದೆ.
ಹೆಡ್‌ಲೈಟಿನಲ್ಲಿ ರಸ್ತೆಗಡ್ಡ ಮಲಗಿದ ಹೊಸ ದಿಬ್ಬ,
ಮೈತುಂಬ ಗೆರೆ, ಯಾವ ಕೈಯೂ ಎಳೆಯದ್ದು.
ಇದಕ್ಕೆ ನಾನು ಏನನ್ನೂ ಬಿತ್ತಿರಲಿಲ್ಲ.
ಎಂಜಿನ್ ಆರಿಸಿದೆ.
ಮೊದಲ ಟ್ಯಾಂಕರು ಬರುವುದರೊಳಗೆ
ಯಾರಾದರೂ ಒಬ್ಬರು ಅದನ್ನು ನೋಡಬೇಕಿತ್ತು.

ನೋಡಿದೆ. ಬಕೆಟ್ ಇಳಿಸಿದೆ.